ಬೆರಳು ಒಪ್ಪದ ಗಾಜು

ನನ್ನ ಹೆಸರು ಮುನಿಶಾಮಮ್ಮ. ನಮ್ಮೂರ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತೇನೆ. ಹನ್ನೊಂದು ವರ್ಷವಾಯಿತು. ಈ ಕೆಲಸವನ್ನು ಒಂದು ಫೋನಿನ ನೆಪ ಹೇಳಿ ನನ್ನಿಂದ ಕಿತ್ತುಕೊಳ್ಳಲು ನೋಡಿದರು. ಯಾರು ನೋಡಿದರು, ಆಮೇಲೆ ಏನಾಯಿತು, ಹೇಳುತ್ತೇನೆ. ನಗು ಬಂದರೆ ನಗಿ. ನನಗೂ ಬಂತು. ಆದರೆ ಮೊದಲು ಬಂದದ್ದು ಸಿಟ್ಟು.

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲು ಒಂದೇ ಒಂದು ನಿಮಿಷ ನಿಲ್ಲುವ ಊರು ನಮ್ಮದು. ಮೇಲಿನ ಬೀದಿ, ಕೆಳಗಿನ ಬೀದಿ. ನಾನು ಯಾವ ಬೀದಿಯವಳು ಎಂದು ಬಿಡಿಸಿ ಹೇಳಬೇಕಾಗಿಲ್ಲ. ನಾನು ಒಲೆ ಹಚ್ಚಿದ ಮೊದಲ ವರ್ಷ ಮೇಲಿನ ಬೀದಿಯ ಮಕ್ಕಳು ಮನೆಯಿಂದ ಡಬ್ಬಿ ತಂದು ತಿಂದರು. ಎರಡನೇ ವರ್ಷ ಡಬ್ಬಿ ತಂದು, ಅದರಲ್ಲಿದ್ದದ್ದನ್ನು ನಾಯಿಗೆ ಸುರಿದು, ನನ್ನ ಸಾರಿಗೆ ತಟ್ಟೆ ಹಿಡಿದರು. ಮೂರನೇ ವರ್ಷ ಡಬ್ಬಿಯೇ ಬರಲಿಲ್ಲ. ಮಕ್ಕಳು ಮನೆಯಲ್ಲಿ ಹೇಳಲಿಲ್ಲ, ಮನೆಯವರು ಕೇಳಲಿಲ್ಲ. ಬೀದಿ ನಾಯಿ ಮಾತ್ರ ಸೊರಗಿತು.

ಅರವತ್ತನಾಲ್ಕು ಮಕ್ಕಳು. ಬೆಳಿಗ್ಗೆ ಎಂಟಕ್ಕೆ ಒಲೆ ಮುಂದೆ ನಿಂತರೆ ಮಧ್ಯಾಹ್ನ ಎರಡಕ್ಕೆ ಪಾತ್ರೆ ಬೋರಲು ಹಾಕಿದ ಮೇಲೆಯೇ ಕೂರುವುದು. ತಿಂಗಳ ಅರ್ಧಕ್ಕೆ ಗ್ಯಾಸು ಮುಗಿಯುತ್ತದೆ. ಆಮೇಲೆ ಸೌದೆ. ಸೌದೆ ಒಡೆಯುವವಳು ನಾನೇ. ಅನ್ನದ ಡಬರಿಯನ್ನು ಇಬ್ಬರು ಇಳಿಸಬೇಕು. ಇನ್ನೊಬ್ಬರನ್ನು ಕೊಡುತ್ತೇವೆ ಎಂದು ಹನ್ನೊಂದು ವರ್ಷದಿಂದ ಹೇಳುತ್ತಿದ್ದಾರೆ. ಒಬ್ಬಳೇ ಇಳಿಸುತ್ತೇನೆ. ಗಂಜಿ ಬಸಿದು, ಕೆಂಡ ಮುಟ್ಟಿ, ಬೂದಿಯಲ್ಲಿ ಪಾತ್ರೆ ಉಜ್ಜಿ ನನ್ನ ಬೆರಳ ತುದಿಗಳು ಕಲ್ಲಾಗಿವೆ. ಕಾದ ಮುಚ್ಚಳವನ್ನು ಬಟ್ಟೆ ಇಲ್ಲದೆ ಎತ್ತುತ್ತೇನೆ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಜೂನ್ ತಿಂಗಳಲ್ಲಿ ಒಂದು ಕಾಗದ ಬಂತು. ಹೆಡ್‌ಮಾಸ್ಟರ್ ನಾಗೇಶ್ ಅಡಿಗೆ ಕೋಣೆಯ ಬಾಗಿಲಲ್ಲಿ ನಿಂತು ಓದಿದರು. ಪಾಪದ ಮನುಷ್ಯ, ಕೆಟ್ಟ ಸುದ್ದಿ ಓದುವಾಗ ಕನ್ನಡಕ ತೆಗೆದುಬಿಡುತ್ತಾರೆ. ಇನ್ನು ಮುಂದೆ ಅಡಿಗೆಯವರೇ ದಿನಾ ಹನ್ನೆರಡು ಗಂಟೆಯೊಳಗೆ ಶಾಲೆಯ ಫೋನಿನಲ್ಲಿ ಅಡಿಗೆಯ ವಿವರ, ಫೋಟೊ ಕಳಿಸಬೇಕಂತೆ. ಅದಕ್ಕೆ ಹತ್ತು ದಿನ ತರಬೇತಿಯಂತೆ. ತಿಂಗಳ ಕೊನೆಗೆ ಪರೀಕ್ಷೆಯಂತೆ. ಫೇಲಾದವರ ಜಾಗಕ್ಕೆ ಬೇರೆಯವರಂತೆ.

ಅವರ ಬೆನ್ನ ಹಿಂದೆಯೇ ಕೋದಂಡಪ್ಪ ನಿಂತಿದ್ದ. ಶಾಲಾ ಸಮಿತಿಯ ಅಧ್ಯಕ್ಷ. ಮೇಲಿನ ಬೀದಿಯ ಮೊದಲನೇ ಮನೆ. ಹನ್ನೊಂದು ವರ್ಷದಲ್ಲಿ ಅಡಿಗೆ ಕೋಣೆಯ ಹೊಸ್ತಿಲು ದಾಟಿದವನಲ್ಲ.

"ನೀನೇನೂ ತಲೆ ಕೆಡಿಸ್ಕಬ್ಯಾಡ ಮುನಿಶಾಮಿ," ಎಂದ. "ನಮ್ ತಮ್ಮನೆಂಡ್ತಿ ಶ್ಯಾಮಲ ಅವ್ಳೆ. ಪಿಯುಸಿ ಮಾಡವ್ಳೆ. ಮಲ್ಗಿದ್ರೂ ಕೈಯಾಗೆ ಫೋನೇ. ನೀನು ಮನ್ತಾವ ಆರಾಮಾಗಿರು."

ಅರ್ಥವಾಯಿತು. ಹಿಂದೆ ನನ್ನ ಕೈ ಮುಟ್ಟಿದ್ದನ್ನು ತಿನ್ನಬಾರದು ಎಂದಿದ್ದರು. ಈಗ ನನ್ನ ಕೈಗೆ ಫೋನು ಬರುವುದಿಲ್ಲ ಎನ್ನುತ್ತಿದ್ದಾರೆ. ಮಾತು ಬದಲಾಗಿದೆ, ಕೈ ಅದೇ.

"ತರಬೇತಿಗೆ ನಾನೇ ಓಗ್ತೀನಿ," ಎಂದೆ.

"ಓಗು ಓಗು. ರೈಲಾದ್ರೂ ನೋಡ್ದಂಗಾಯ್ತದೆ," ಎಂದು ನಕ್ಕ.

ತರಬೇತಿ ನಡೆದದ್ದು ದಿನಾ ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ, ನಂದಿದುರ್ಗ ಚಿನ್ನದ ಗಣಿಯ ಕೂಲಿಗಳಿದ್ದ ಹಳೇ ಲೈನುಮನೆಗಳ ಪಕ್ಕದ ಒಂದು ಹಾಲ್‌ನಲ್ಲಿ. ಗಣಿ ನಡೆಯುವಾಗ ಅಲ್ಲಿ ಕೂಲಿಗಳ ಮದುವೆ ಆಗುತ್ತಿದ್ದವಂತೆ. ಈಗ ಗೋಡೆಗೆ ಒಂದು ಬ್ಯಾನರು: 'ಬೆರಳ ತುದಿಯಲ್ಲಿ ಜಗತ್ತು'. ನಡೆಸುವ ಸಂಸ್ಥೆಯ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಪ್ರಚಾರ. ಕಲಿಸುವವನ ಹೆಸರು ಅಂಬರೀಶ್. ಇಸ್ತ್ರಿ ಶರಟು, ಸೆಂಟಿನ ವಾಸನೆ. ಮೂರು ಫೋನುಗಳನ್ನು ಗಾಜಿನ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದ್ದ. ನಾವು ಇಪ್ಪತ್ತೆರಡು ಜನ. ಅಡಿಗೆಯವರು, ಕಸ ಗುಡಿಸುವವರು, ತಳ್ಳುಗಾಡಿಯವರು. ಕುರ್ಚಿಗಳಿದ್ದವು. ನಮ್ಮನ್ನು ಚಾಪೆಯ ಮೇಲೆ ಕೂರಿಸಿದ.

ಮೊದಲ ದಿನ ಎಲ್ಲರಿಗೂ ಒಂದೊಂದು ರಟ್ಟಿನ ತುಂಡು ಹಂಚಿದ. ಅದರ ಮೇಲೆ ಫೋನಿನ ಚಿತ್ರ ಅಂಟಿಸಿತ್ತು.

"ಇದೇ ನಿಮ್ಮ ಫೋನು," ಎಂದ.

"ನಿಜವಾದ್ದು ಯಾವಾಗ ಕೊಡ್ತೀರ ಸಾರ್?" ಎಂದು ಕೇಳಿದೆ.

"ಮೊದ್ಲು ಇದ್ರಲ್ಲಿ ಕೈ ಪಳಗ್ಲಿ. ಅದು ಒಡೆದ್ರೆ ನೀವು ಕೊಡ್ತೀರಾ? ನಿಮ್ಮ ಕೈ ನೋಡಿ ಹೇಳಿ."

ಎಲ್ಲರೂ ನಮ್ಮ ನಮ್ಮ ಕೈ ನೋಡಿಕೊಂಡೆವು.

ಎಂಟು ದಿನ ರಟ್ಟು ಒತ್ತಿದೆವು. ಅಂಬರೀಶ್ "ಒತ್ತಿ" ಎಂದರೆ ಇಪ್ಪತ್ತೆರಡು ಜನ ಒತ್ತುತ್ತಿದ್ದೆವು. "ಮೇಲಕ್ಕೆ ಸರಿಸಿ" ಎಂದರೆ ಸರಿಸುತ್ತಿದ್ದೆವು. ಏನೂ ಸರಿಯುತ್ತಿರಲಿಲ್ಲ. "ಈಗ ಹಸಿರು ಬಟನ್ ಬಂತಾ?" ಎನ್ನುತ್ತಿದ್ದ. "ಬಂತು ಸಾರ್!" ಎಂದು ಕೂಗುತ್ತಿದ್ದೆವು. ಎಲ್ಲಿಂದ ಬರುತ್ತದೆ ಹಸಿರು ಬಟನ್ನು? ಆದರೂ ಹೇಳುತ್ತೇನೆ, ರಟ್ಟಿನಲ್ಲಿ ನಾನೇ ಫಸ್ಟ್. ಆರನೇ ದಿನಕ್ಕೆ ನನ್ನ ರಟ್ಟು ತೂತಾಯಿತು. ಅಂಬರೀಶ್ ಬೈದು ಇನ್ನೊಂದು ಕೊಟ್ಟ.

ನನ್ನ ಪಕ್ಕ ಕೂರುತ್ತಿದ್ದವಳು ಇಂದ್ರಾಣಿ. ಅದೇ ಲೈನಿನವಳು, ತಳ್ಳುಗಾಡಿಯಲ್ಲಿ ಇಡ್ಲಿ ಮಾರುತ್ತಾಳೆ. ಮನೆಮಾತು ತಮಿಳು, ಬೈಯುವುದು ತೆಲುಗು, ನನ್ನ ಹತ್ತಿರ ಕನ್ನಡ. ಅವಳ ಹತ್ತಿರ ಸ್ವಂತ ಫೋನು ಇತ್ತು. ಅದನ್ನು ಹೊರಗೆ ತೆಗೆದರೆ ಅಂಬರೀಶ್ ರೇಗುತ್ತಿದ್ದ, ಪಾಠದಲ್ಲಿ ಇರುವುದು ರಟ್ಟು ಅಂತ. ಗಾಡಿಯ ಗುರುತಿನ ಚೀಟಿಗೆ ಈ ತರಬೇತಿ ಆಗಲೇಬೇಕೆಂದು ಅವಳೂ ರಟ್ಟು ಹಿಡಿದು ಕೂರುತ್ತಿದ್ದಳು. ರಟ್ಟಿನ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬ್ಯಾಟರಿ ಬರೆದುಕೊಂಡಿದ್ದಳು. ಪಾಠ ಬೇಜಾರಾದಾಗ ಅದನ್ನು ರಬ್ಬರಿನಲ್ಲಿ ಅಳಿಸುತ್ತಿದ್ದಳು.

ಒಂದು ದಿನ ಅಂಬರೀಶ್ "ಏನಮ್ಮ, ನೀನ್ಯಾಕೆ ಒತ್ತುತ್ತಿಲ್ಲ?" ಎಂದು ಗದರಿದ.

"ಚಾರ್ಜ್ ಖಾಲಿ ಸಾರ್," ಎಂದಳು ಇಂದ್ರಾಣಿ, ರಟ್ಟು ತೋರಿಸಿ. "ನಾಳೆ ಪೆನ್ಸಿಲ್ ತಂದು ಏರಿಸ್ತೀನಿ."

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ದಿನಾ ಪಾಠ ಮುಗಿದ ಮೇಲೆ ಹಂಚುತ್ತಿದ್ದ ಬನ್ನನ್ನು ಅವನು ಅವತ್ತು ಯಾರಿಗೂ ಕೊಡಲಿಲ್ಲ.

ಒಂಬತ್ತನೇ ದಿನ ಬೀಗ ತೆಗೆದ. ಒಬ್ಬೊಬ್ಬರನ್ನೇ ಕರೆದು ನಿಜವಾದ ಫೋನು ಒತ್ತಿಸಿದ. ನನ್ನ ಸರದಿ ಬಂತು. ಸೆರಗಿಗೆ ಕೈ ಒರೆಸಿಕೊಂಡು, ಕಲಿತ ಹಾಗೆಯೇ, ನೇರ ನಡುವಿಗೆ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಇಲ್ಲ. ಹತ್ತೂ ಬೆರಳು ಒಂದೊಂದಾಗಿ ಒತ್ತಿದೆ. ಗಾಜು ಗಾಜಿನ ಹಾಗೆ ಕೂತಿತ್ತು.

"ಏನಮ್ಮ ಇದು, ಬೆರಳಾ ಎತ್ತಿನ ಗೊರಸಾ?" ಎಂದ ಅಂಬರೀಶ್. "ಚರ್ಮ ಸತ್ತೋಗಿದೆ. ಫೋನಿಗೆ ನೀನು ಇದ್ದೀಯ ಅಂತಾನೇ ಗೊತ್ತಾಗ್ತಿಲ್ಲ."

ಕೆಲವರು ನಕ್ಕರು. ಅವರನ್ನು ಬೈಯುವುದಿಲ್ಲ, ಅವರ ಬೆರಳೂ ಹೆಚ್ಚುಕಡಿಮೆ ಹಾಗೆಯೇ ಇದ್ದವು, ಹೆದರಿಕೆಗೆ ನಕ್ಕರು. ಅವನು ನನ್ನ ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ ಏನೋ ಗೀಚಿದ. 'ಅನರ್ಹ' ಎಂದು ಬರೆದದ್ದು ನನಗೆ ಓದಲು ಬಂತು. ಓದಲು ಬಂದದ್ದೇ ತಪ್ಪಾಯಿತು. ನಾನು ಶಾಲೆಗೆ ಹೋದವಳಲ್ಲ. ಆದರೆ ಅಡಿಗೆ ಕೋಣೆಯ ಕಿಟಕಿಗೆ ತಾಗಿ ಒಂದನೇ ಕ್ಲಾಸು ಇದೆ. ಈರುಳ್ಳಿ ಹೆಚ್ಚುತ್ತಾ ಹೆಚ್ಚುತ್ತಾ ಒಂದನೇ ಕ್ಲಾಸನ್ನು ಹನ್ನೊಂದು ಸಲ ಓದಿದವಳು ನಾನು. ಕಾಗುಣಿತ ಬಾಯಿಪಾಠ.

ಇಂದ್ರಾಣಿ ನನ್ನನ್ನು ಸ್ಟೇಷನ್ನಿನವರೆಗೂ ಬಿಡಲು ಬಂದಳು. ಕಲ್ಲು ಬೆಂಚಿನ ಮೇಲೆ ಕೂತು ಅತ್ತೆ. ನಾಚಿಕೆ ಇಲ್ಲದೆ ಅತ್ತೆ. ದುಡಿದು ದುಡಿದು ಸವೆದ ಬೆರಳಿಗೆ ಸತ್ತ ಬೆರಳು ಎಂದನಲ್ಲ, ಅದಕ್ಕೆ ಅತ್ತೆ.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಮಡಿಲಲ್ಲೇ ಇತ್ತು. ಇಂದ್ರಾಣಿ ಕೈ ಹಾಕಲಿಲ್ಲ. ಕತ್ತು ಬಗ್ಗಿಸಿ, ಮೂಗಿನ ತುದಿಯಿಂದ ಒಂದು ಸಲ ತೀಡಿದಳು. "ಹಲೋ, ಸೊಲ್ಲುಂಗ" ಎಂದು ತಮಿಳಿನಲ್ಲಿ ಮಾತು ಶುರು ಮಾಡಿದಳು. ನನ್ನ ಅಳು ಅಲ್ಲೇ ನಿಂತುಹೋಯಿತು.

ಮಾತು ಮುಗಿದ ಮೇಲೆ "ಏನೇ ಅದು?" ಎಂದೆ.

"ಏನದು?"

"ಮೂಗು!"

"ಓ, ಅದಾ ಅಕ್ಕಾ? ಬೆಳಿಗ್ಗೆ ಎಲ್ಲಾ ಕೈ ಇಡ್ಲಿ ಹಿಟ್ಟಲ್ಲೇ ಇರುತ್ತೆ. ಗಿರಾಕಿ ಫೋನ್ ಮಾಡಿದ್ರೆ ಇನ್ನೇನ್ ಮಾಡ್ಲಿ? ಅಭ್ಯಾಸ ಆಗೋಯ್ತು. ಈಗ ಕೈ ಖಾಲಿ ಇದ್ರೂ ಮೂಗೇ ಮುಂದಕ್ಕೆ ಓಡುತ್ತೆ." ಫೋನನ್ನು ನನ್ನ ಮುಖದ ಹತ್ತಿರ ಹಿಡಿದಳು. "ಇಡು ಅಕ್ಕಾ, ನೋಡೋಣ."

ಇಟ್ಟೆ. ಬೆಳಕು ಬಂತು. ಚಿತ್ರ ಸರಿಯಿತು. ಯಾವನಿಗೋ ಫೋನು ಹೋಗಿ "ಹಲೋ, ಯಾರು?" ಎಂದ ಗಂಡಸಿನ ದನಿಯೂ ಬಂತು. ಹೆದರಿ ಇನ್ನೊಂದು ಸಲ ಮೂಗು ಒತ್ತಿದೆ. ದನಿ ನಿಂತಿತು.

ಆಗ ನನಗೆ ಹೊಳೆಯಿತು. ನನ್ನ ಮೈಯಲ್ಲಿ ಕೂಲಿ ಮಾಡದೆ ಉಳಿದಿರುವುದು ಮೂಗು ಒಂದೇ. ತಲೆ ಸೌದೆ ಹೊತ್ತಿದೆ. ಸೊಂಟ ಡಬರಿ ಹೊತ್ತಿದೆ. ಕಣ್ಣು ಹೊಗೆ ಕುಡಿದಿದೆ. ಮೂಗು ಮಾತ್ರ ಐವತ್ತೆರಡು ವರ್ಷದಿಂದ ಸುಮ್ಮನೆ ಕೂತು ಉಸಿರಾಡಿಕೊಂಡಿದೆ. ಇನ್ನು ಮುಂದೆ ಅದೂ ದುಡಿಯಲಿ ಎಂದುಕೊಂಡೆ.

ಇಂದ್ರಾಣಿ ಮನೆಗೆ ಓಡಿ, ಮೂಲೆ ಬಿರುಕು ಬಿಟ್ಟ ತನ್ನ ಹಳೇ ಫೋನು ತಂದುಕೊಟ್ಟಳು. ಅಷ್ಟರಲ್ಲಿ ಒಂದು ರೈಲು ಹೋಗಿತ್ತು. ಇನ್ನೊಂದಕ್ಕೆ ಬಂದೆ.

ಅಂಬರೀಶ್ ಏನೇ ಗೀಚಿದರೂ ಪಾಸು ಫೇಲು ಹೇಳುವುದು ತಿಂಗಳ ಕೊನೆಯ ಪರೀಕ್ಷೆ ತಾನೇ. ಹದಿನೈದು ದಿನ ಅಭ್ಯಾಸ ಮಾಡಿದೆ. ಕಷ್ಟ ಕಷ್ಟ. ಮೂಗು ಒತ್ತುವಾಗ ಕಣ್ಣಿಗೆ ಏನೂ ಕಾಣುವುದಿಲ್ಲ. ನೋಡಿ, ಗುರಿ ಇಟ್ಟು, ನಂಬಿ ಬಗ್ಗಬೇಕು. ಎಡಗಡೆಯ ಮೂಗುಬೊಟ್ಟು ಗಾಜು ಗೀಚುತ್ತದೆ ಎಂದು ಮುಖವನ್ನು ಬಲಕ್ಕೆ ವಾಲಿಸುವುದು ಕಲಿತೆ. ಕತ್ತು ಹಿಡಿದುಕೊಂಡಿತು. ಮೂಗಿನ ತುದಿ ಟೊಮೇಟೊ ಆಯಿತು. ಕೋಳಿಗಳು ಸುತ್ತ ನಿಂತು ನೋಡಿದವು. ಅವುಗಳದೂ ಇದೇ ಕೆಲಸ ತಾನೇ.

ಪಕ್ಕದ ಮನೆಯ ಮುತ್ಯಾಲಮ್ಮ ಒಂದು ಸಂಜೆ ಬೆಂಕಿ ಕೇಳಲು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಒಳಗೆ ನಾನು ಗೋಡೆಗೆ ಒರಗಿಸಿದ ಬೆಳಕಿನ ಮುಂದೆ ಮತ್ತೆ ಮತ್ತೆ ತಲೆ ಬಗ್ಗಿಸಿ ಮೂಗು ತಾಗಿಸುತ್ತಿದ್ದೆ. ತಿರುಗಿ ತನ್ನ ಮನೆಗೆ ಓಡಿದಳು. ಐದು ನಿಮಿಷಕ್ಕೆ ಬೇವಿನ ಸೊಪ್ಪು, ಉಪ್ಪು, ಮೆಣಸಿನಕಾಯಿ ಹಿಡಿದು ಬಂದು ನನ್ನ ಸುತ್ತ ನಿವಾಳಿಸಿ ಇಳಿ ತೆಗೆಯತೊಡಗಿದಳು.

"ಅಯ್ಯೋ ಬಿಡೇ, ನಂಗೇನೂ ಮೆಟ್ಕೊಂಡಿಲ್ಲ," ಎಂದೆ.

"ಮೆಟ್ಕೊಂಡೋರೆಲ್ಲ ಅಂಗೇ ಅನ್ನೋದು. ಯಾವ್ ದ್ಯಾವ್ರೇ ಇದು, ಮೂಗಲ್ಲಿ ಮುಟ್ಟಿಸ್ಕೊಳ್ಳೋದು?"

ಎಲ್ಲ ಬಿಡಿಸಿ ಹೇಳಿದೆ. ಅವಳಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಯಾವುದಕ್ಕೂ ಇರಲಿ ಎಂದು ಫೋನಿನ ನೆತ್ತಿಗೆ ಕುಂಕುಮ ಇಟ್ಟು, ತಾನೂ ಒಂದು ಸಲ ಮೂಗು ಒತ್ತಿ, ಮಗಳಿಗೆ ಈ ವರ್ಷ ಗಂಡು ಸಿಗಲಿ ಎಂದು ಹರಸಿಕೊಂಡು ಹೋದಳು.

ಪರೀಕ್ಷೆಯ ದಿನ ಬಂತು. ಬುಧವಾರ. ತಾಲ್ಲೂಕು ಕಚೇರಿಯಿಂದ ರಾಧ ಮೇಡಂ ಬಂದರು. ಶಾಲೆಯ ಜಗಲಿಯಲ್ಲಿ ಮೇಜು, ಮೇಜಿನ ಮೇಲೆ ಶಾಲೆಯ ಹೊಸ ಫೋನು. ಕೋದಂಡಪ್ಪ ಬಿಳಿ ಪಂಚೆ ಉಟ್ಟು ಕುರ್ಚಿಯಲ್ಲಿ ಕೂತಿದ್ದ. ಪಕ್ಕದಲ್ಲಿ ಶ್ಯಾಮಲ, ಹೊಸ ಸೀರೆ. ಮಕ್ಕಳು ಅಂಗಳದಲ್ಲಿ ಸಾಲು. ನಾನು ಅನ್ನ, ಸೊಪ್ಪಿನ ಸಾರು ಇಳಿಸಿ, ಬೆವರು ಒರೆಸಿಕೊಂಡು ಬಂದು ನಿಂತೆ. ನನ್ನ ಕೆಲಸ ಹೋಗುತ್ತದೋ ಉಳಿಯುತ್ತದೋ ಎನ್ನುವ ಪರೀಕ್ಷೆಗೂ ಅಡಿಗೆ ಮಾಡಿದವಳು ನಾನೇ.

ಮೊದಲು ಶ್ಯಾಮಲ. ಸರಸರ ಒತ್ತಿದಳು. ಬೆರಳು ಕಣ್ಣಿಗೆ ಕಾಣಲಿಲ್ಲ. ಮಕ್ಕಳ ಸಂಖ್ಯೆ, ಅಡಿಗೆಯ ಫೋಟೊ ಹಾಕಿ, 'ಅಡಿಗೆ ಮಾಡಿದವರು' ಎನ್ನುವಲ್ಲಿ ಶ್ಯಾಮಲ ಎಂದು ಬರೆದಳು. ಕಡೆಯದಾಗಿ 'ಸಮಿತಿ ಅಧ್ಯಕ್ಷರು ರುಚಿ ನೋಡುತ್ತಿರುವ ಫೋಟೊ' ಎಂದು ಬಂತು. ಕೋದಂಡಪ್ಪನ ಕೈಗೆ ಚಮಚ ಕೊಟ್ಟರು. ಅವನು ಅದನ್ನು ಮೀಸೆಯ ಹತ್ತಿರ ತಂದು ಹಲ್ಲು ಕಿರಿದ. ಫೋಟೊ ಆಯಿತು. ಚಮಚ ಹಾಗೆಯೇ ಕೆಳಗಿಟ್ಟ. ಶ್ಯಾಮಲ ಕಳಿಸಿದಳು. ಒಂದೂವರೆ ನಿಮಿಷ.

"ನೋಡುದ್ರಾ ಮೇಡಂ?" ಎಂದ ಕೋದಂಡಪ್ಪ. "ಇನ್ನು ಅವ್ಳುನ್ನ ಕೇಳೋದೇ ಬ್ಯಾಡ."

"ಕೇಳೋಣ," ಎಂದರು ರಾಧ ಮೇಡಂ.

ಫೋನು ಕೈಗೆ ತೆಗೆದುಕೊಂಡೆ. ಎಲ್ಲರ ಎದುರು ಬೆರಳು ಒತ್ತಿದೆ. ಅದು ಒಪ್ಪುವುದಿಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೂ ಒತ್ತಿದೆ. ನೋಡಲಿ ಎಂದು ಒತ್ತಿದೆ.

ಕೋದಂಡಪ್ಪ ಹೊಟ್ಟೆ ಕುಣಿಸಿ ನಕ್ಕ. "ಸೌಟು ತಿರುವೋ ಕೈಗೆ ಇದೆಲ್ಲ ಬತ್ತದಾ? ಓಗಮ್ಮಣ್ಣಿ, ಪಾತ್ರೆ ತೊಳಿ ಓಗು."

ನಾನು ಫೋನನ್ನು ಮುಖದ ಹತ್ತಿರ ತಂದು ಮೂಗು ಒತ್ತಿದೆ.

ಅರವತ್ತನಾಲ್ಕು ಮಕ್ಕಳೂ ಒಟ್ಟಿಗೆ ಕಿರುಚಿದವು. ನಾಗೇಶ್ ಮೇಷ್ಟ್ರು ಕನ್ನಡಕ ಹಾಕಿಕೊಂಡರು. ನಾನು ತಲೆ ಎತ್ತಲಿಲ್ಲ. ಆರು ಒತ್ತಿದೆ, ನಾಲ್ಕು ಒತ್ತಿದೆ. ಡಬರಿಯ ಮುಂದೆ ಹಿಡಿದು ಅಡಿಗೆಯ ಫೋಟೊ ತೆಗೆದೆ.

"ಇದೇನ್ ಮೇಡಂ ಮಂಗನಾಟ! ಮೂಗಲ್ಲಿ ಒತ್ತೋದು ರೂಲ್ಸಲ್ಲೈತಾ?" ಎಂದು ಕೋದಂಡಪ್ಪ ಎದ್ದ.

ರಾಧ ಮೇಡಂ ಎಂಟು ಪುಟದ ಸುತ್ತೋಲೆ ತೆಗೆದು ಓದಿದರು. ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ. "ಅಡಿಗೆಯವರು ಒತ್ತಬೇಕು ಅಂತಿದೆ. ಯಾವುದ್ರಿಂದ ಅಂತ ಬರೆದಿಲ್ಲ," ಎಂದರು. ಅವರ ತುಟಿ ಅದುರುತ್ತಿತ್ತು. ನಗು ತಡೆದುಕೊಂಡಿದ್ದರು.

'ಅಡಿಗೆ ಮಾಡಿದವರು' ಬಂತು. ಹೆಸರು ಬರೆಯಬೇಕು. ಮಕ್ಕಳು ಸಾಲು ಮುರಿದು ಜಗಲಿಗೆ ಮುತ್ತಿಕೊಂಡವು. "ಮ ಒತ್ತಿ ಅಜ್ಜಿ! ಈಗ ಕೊಂಬು! ಕೊಂಬು ಬಲಗಡೆ!" ನನ್ನ ಹೆಸರನ್ನು ಇಡೀ ಶಾಲೆ ಕೂಗಿ ಕೂಗಿ ಕಾಗುಣಿತ ಹೇಳಿತು. ಒಂದು ಸಲ ಮೂಗು ಜಾರಿ ಎಲ್ಲ ಅಳಿಸಿಹೋಯಿತು. "ಅಯ್ಯೋ!" ಎಂದವು. ಮೊದಲಿಂದ ಶುರು ಮಾಡಿದೆ. ಮು. ನಿ. ಶಾ. ಮ. ಕಡೆಯ ಒತ್ತಕ್ಷರಕ್ಕೆ ಮೂಗು ಮೂರು ಸಲ ಇಟ್ಟೆ. ಬಂತು. ಮುನಿಶಾಮಮ್ಮ. ಹನ್ನೊಂದು ವರ್ಷ ಬೇಯಿಸಿದ್ದೆ, ನನ್ನ ಅಡಿಗೆಯ ಕೆಳಗೆ ನನ್ನ ಹೆಸರು ನಾನು ನೋಡಿದ್ದು ಅವತ್ತೇ. ಕಣ್ಣು ತುಂಬಿ ಬಂತು, ಆದರೆ ಒದ್ದೆಯಾದರೆ ಗಾಜು ಕೆಲಸ ಮಾಡುವುದಿಲ್ಲ ಎಂದು ತಡೆದುಕೊಂಡೆ.

ಅಷ್ಟರಲ್ಲಿ ಕೋದಂಡಪ್ಪ ನನ್ನ ಕೈಯಿಂದ ಫೋನು ಕಿತ್ತುಕೊಂಡ. ಹೆಗಲ ಮೇಲಿನ ಟವೆಲ್ಲು ತೆಗೆದ. "ಥೂ, ಇಸ್ಕೂಲ್ ಫೋನಿಗೆಲ್ಲ ಎಂಜ್ಲು ಮುಸುರೆ ಮಾಡಿಬುಟ್ಲು. ನಮ್ ಮನೆ ಎಣ್ಣುಮಗ್ಳು ಮುಟ್ಟೋದಲ್ವಾ ಇದು," ಎಂದು ಉಜ್ಜಲು ಹೋದ.

"ಒರೆಸಬ್ಯಾಡ."

ನನ್ನ ಬಾಯಿಂದಲೇ ಬಂತು. ಅವನ ಎದುರು ನಾನು ಹಿಂದೆ ಯಾವತ್ತೂ ಹಾಗೆ ಮಾತಾಡಿರಲಿಲ್ಲ. ಅವನ ಕೈಲಿದ್ದ ಟವೆಲ್ಲಿನ ತುದಿ ಹಿಡಿದುಕೊಂಡೆ.

"ಒರೆಸೋದಾದ್ರೆ ಮೊದ್ಲು ಈ ಮಕ್ಳ ಒಟ್ಟೆ ಒರೆಸು. ಅನ್ನೊಂದು ವರ್ಷದಿಂದ ನನ್ ಕೈಯೇ ಅಲ್ಲಿರೋದು. ನಿನ್ ಮೊಮ್ಮಗಳು ಸುಮಲತ ಅಲ್ಲೇ ನಿಂತವ್ಳೆ ನೋಡು. ಅವಳ ಒಟ್ಟೇನೂ ಒರೆಸು. ಆಮ್ಯಾಲೆ ಗಾಜು ಒರೆಸುವಂತೆ."

ನಾಲ್ಕನೇ ಕ್ಲಾಸಿನ ಸುಮಲತ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡಳು. "ಬ್ಯಾಡ ತಾತ," ಎಂದಳು. "ಕಚಗುಳಿ ಆಯ್ತದೆ."

ಯಾರೋ ಕಿಸಕ್ಕೆಂದರು. ಶ್ಯಾಮಲ. ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ಗೋಡೆ ಕಡೆ ತಿರುಗಿದಳು. ಕೋದಂಡಪ್ಪನ ಕೈ ಸಡಿಲವಾಯಿತು. ನಾನು ಫೋನು ತೆಗೆದುಕೊಂಡೆ.

ರಾಧ ಮೇಡಂ ತಮ್ಮ ಫೋನು ನೋಡುತ್ತಿದ್ದರು. "ಶ್ಯಾಮಲ ಅವರೇ, ನೀವು ಕಳಿಸಿದ್ದು ನನಗೆ ಬಂದಿದೆ," ಎಂದರು. "ಅಧ್ಯಕ್ಷರ ಚಮಚ ಬಾಯಿಂದ ಎರಡು ಅಂಗುಲ ದೂರ ಇದೆ. ಇದು ರುಚಿ ನೋಡಿದ ಹಾಗಲ್ಲ. ಇದನ್ನ ನಾನು ಒಪ್ಪೋಕಾಗಲ್ಲ. ಕಳಿಸಿದ ಮೇಲೆ ತಿದ್ದೋ ಹಾಗೂ ಇಲ್ಲ."

"ಓಗ್ಲಿ ಬಿಡಿ ಮೇಡಂ," ಎಂದಳು ಶ್ಯಾಮಲ ತಕ್ಷಣ. "ಬಾವ, ನಂಗೆ ಫೋನು ಬೇಕು, ಸೌದೆ ಒಲೆ ಬೇಡ. ಮೊದ್ಲೇ ಹೇಳಿದ್ದೆ, ನೀವೆಲ್ಲಿ ಕೇಳುದ್ರಿ?"

ಈಗ ನನ್ನ ಸರದಿಗೂ ಅದೇ ಪುಟ. ರುಚಿ ನೋಡುವ ಫೋಟೊ. ದಿನಾ ಮಕ್ಕಳಿಗೆ ಬಡಿಸುವ ಮೊದಲು ಅಧ್ಯಕ್ಷ ರುಚಿ ನೋಡಬೇಕು ಎನ್ನುವುದು ಹಳೇ ನಿಯಮವೇ. ಅವನು ತಿಂಗಳಿಗೊಮ್ಮೆ ಬಂದು, 'ರುಚಿಯಾಗಿದೆ' ಎನ್ನುವ ಪುಸ್ತಕಕ್ಕೆ ಮೂವತ್ತು ರುಜು ಒಟ್ಟಿಗೆ ಜಡಿದು ಹೋಗುತ್ತಿದ್ದ. ಫೋನಿಗೆ ರುಜು ಸಾಲದು. ಬಾಯಿ ಬೇಕು.

ಚಮಚದಲ್ಲಿ ಸಾರನ್ನ ಕಲಸಿ ಮುಂದೆ ಹಿಡಿದೆ.

"ಇವತ್ತು ಶನಿವಾರ. ನಂದು ಒಪ್ಪತ್ತು," ಎಂದ ಕೋದಂಡಪ್ಪ.

"ಬುಧವಾರ ತಾತ!" ಎಂದಿತು ಇಡೀ ಅಂಗಳ.

"ಒಟ್ಟೆ ಸರಿಯಿಲ್ಲ."

"ಒಂದು ಚಮಚ ಅಷ್ಟೇ, ಅಧ್ಯಕ್ಷರೇ," ಎಂದರು ರಾಧ ಮೇಡಂ. ಆಮೇಲೆ ಪೆನ್ನಿನ ಮುಚ್ಚಳ ತೆಗೆದರು. ದನಿ ಏರಿಸಲಿಲ್ಲ. "ಬೇಡ ಅಂದ್ರೆ ಬೇಡ. ರುಚಿ ನೋಡೋಕೆ ಒಪ್ಪಲಿಲ್ಲ ಅಂತ ಬರೀತೀನಿ. ಕಾರಣ ಅಂತ ಒಂದು ಜಾಗ ಇದೆ. ಏನಂತ ಬರೀಲಿ, ನೀವೇ ಹೇಳಿ."

ಕೋದಂಡಪ್ಪ ಪೆನ್ನನ್ನು ನೋಡಿದ. ನನ್ನನ್ನು ನೋಡಿದ. ಕಾರಣ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಇಷ್ಟು ವರ್ಷ ಅದನ್ನು ಯಾರೂ ಬರೆಯಲು ಕೇಳಿರಲಿಲ್ಲ ಅಷ್ಟೇ. ಕೋದಂಡಪ್ಪ ಚಮಚದ ಕಡೆ ಬಗ್ಗಿದ. ಬಾಯಿ ತೆರೆದ.

ಚಮಚ ಒಳಗೆ ಹೋಯಿತು. ನಾನು ಮೂಗು ಒತ್ತಿದೆ.

ಮೂಗು ಒತ್ತಿದರೆ ಕೈ ಅಲುಗುತ್ತದೆ. 'ಚಿತ್ರ ಸ್ಪಷ್ಟವಾಗಿಲ್ಲ. ಮತ್ತೊಮ್ಮೆ ಪ್ರಯತ್ನಿಸಿ' ಎಂದಿತು ಫೋನು.

ಎರಡನೇ ಚಮಚ. ಮೀಸೆ ಮಾತ್ರ ಬಂತು. ಮೂರನೇ ಚಮಚ. ತಲೆ ಬರಲಿಲ್ಲ. ನಾಲ್ಕಕ್ಕೆ ಅವನು ಕಣ್ಣು ಮುಚ್ಚಿದ. ಐದಕ್ಕೆ ಸುಮಲತ ಮಧ್ಯೆ ತಲೆ ತೂರಿಸಿದಳು. ಮಕ್ಕಳು ಎಣಿಸತೊಡಗಿದ್ದವು. "ಆರೂ!" ಆರಕ್ಕೆ ನನಗೇ ನಗು ಬಂದು ಫೋನು ಕುಣಿಯಿತು. ಹನ್ನೆರಡಕ್ಕೆ ಇನ್ನು ನಾಲ್ಕು ನಿಮಿಷ. ಕೋದಂಡಪ್ಪ ತಾನೇ ಬಾಯಿ ಅಗಲಿಸಿ, "ಬೇಗ ಒತ್ತು ತಾಯಿ," ಎಂದ. "ಏಳೂ!" ಉಸಿರು ಬಿಗಿ ಹಿಡಿದೆ. ಮೊಣಕೈ ಎದೆಗೆ ಒತ್ತಿಕೊಂಡೆ. ಮೂಗು ಇಟ್ಟೆ.

ಹಸಿರು ಬಂತು. ಈ ಸಲ ನಿಜವಾಗಿಯೂ ಬಂತು. ಕಳಿಸಿದೆ.

ರಾಧ ಮೇಡಂ ತಮ್ಮ ಫೋನಿನಲ್ಲಿ ನೋಡಿ, ಕಾಗದದ ಮೇಲೆ ಬರೆದು, ಗಟ್ಟಿಯಾಗಿ ಓದಿದರು. "ಮುನಿಶಾಮಮ್ಮ. ಅಡಿಗೆಯವರು. ಪಾಸು. ಕೆಲಸದಲ್ಲಿ ಮುಂದುವರಿಯತಕ್ಕದ್ದು." ನಾಗೇಶ್ ಮೇಷ್ಟ್ರು ಗಂಟೆ ಬಾರಿಸಿಬಿಟ್ಟರು. ಊಟಕ್ಕೆ ಇನ್ನೂ ಅರ್ಧ ಗಂಟೆ ಇತ್ತು.

ಕೋದಂಡಪ್ಪ ಮೀಸೆ ಒರೆಸಿಕೊಂಡ. ಏನಾದರೂ ಅನ್ನದೆ ಹೋಗುವ ಗಂಡಸಲ್ಲ ಅವನು. "ಉಪ್ಪು ಸಾಲ್ದು," ಎಂದ.

ಉಪ್ಪು ಸರಿಯಾಗಿಯೇ ಇತ್ತು. ಆದರೆ ಸಾಲದು ಅನ್ನುವುದಕ್ಕಾದರೂ ತಿಂದಿರಬೇಕಲ್ಲ. "ನಾಳೆ ಬಂದು ನೋಡಿ ಹೇಳಿ, ಕೋದಂಡಪ್ಪನೋರೇ," ಎಂದೆ.

ಈಗ ದಿನಾ ಬರುತ್ತಾನೆ. ಬರಲೇಬೇಕು, ಇಲ್ಲದಿದ್ದರೆ ಫೋನು ಮುಂದಕ್ಕೆ ಹೋಗುವುದಿಲ್ಲ. ಹನ್ನೆರಡಕ್ಕೆ ಕಾಲು ಗಂಟೆ ಇರುವಾಗ ಹೊಸ್ತಿಲು ದಾಟಿ, ಒಲೆಯ ಪಕ್ಕದ ಮಣೆಯ ಮೇಲೆ ಕೂತು ಬಾಯಿ ತೆರೆಯುತ್ತಾನೆ. ನನಗೂ ಕೈ ಪಳಗಿದೆ, ಒಂದೇ ಚಮಚಕ್ಕೆ ಚಿತ್ರ ಸ್ಪಷ್ಟವಾಗಿ ಬರುತ್ತದೆ. ಆದರೆ ಅವನು ನನ್ನನ್ನು 'ಏ ಮುನಿಶಾಮಿ' ಎಂದು ಕರೆದ ದಿನ ಮೂಗು ಸ್ವಲ್ಪ ನಡುಗುತ್ತದೆ. ಅವತ್ತು ಏಳು ಚಮಚ.